ರಷ್ಯನ್ ಕಲಿಯದೆ ರಷ್ಯಾವನ್ನು ಓದಿದ್ದು

ಟಾಲ್‌ಸ್ಟಾಯ್, ಚೆಕಾಫ್, ಗಾರ್ಕಿ ಇವರು ಕನ್ನಡ ಓದುಗರಿಗೆ ಪರದೇಶದವರೆಂದು ಅನ್ನಿಸುವುದೇ ಇಲ್ಲ. ನಿರಂಜನರು ಗಾರ್ಕಿಯ ಕಾದಂಬರಿಯನ್ನು ‘ತಾಯಿ’ಯಾಗಿ ತಂದರು. ದೇ. ಜವರೇಗೌಡರು ಟಾಲ್‌ಸ್ಟಾಯ್‌ನ ದೊಡ್ಡ ಕಾದಂಬರಿಗಳನ್ನು ಕನ್ನಡಿಸಿದರು. ಈಚಿನ ವರ್ಷಗಳಲ್ಲಿ ಓ.ಎಲ್. ನಾಗಭೂಷಣಸ್ವಾಮಿಯವರು ‘ಯುದ್ಧ ಮತ್ತು ಶಾಂತಿ’ಯನ್ನು ಹೊಸದಾಗಿ ಅನುವಾದಿಸಿದರು, ‘ಅಪರಾಧ ಮತ್ತು ಶಿಕ್ಷೆ’ಯನ್ನೂ ಕೊಟ್ಟರು. 1960ರಲ್ಲಿ ಶುರುವಾದ ನವಕರ್ನಾಟಕ ಪ್ರಕಾಶನದ ಮೂಲಕ ಮಾಸ್ಕೋದಲ್ಲಿ ಅಚ್ಚಾದ ಪುಸ್ತಕಗಳು ಅಗ್ಗದ ಬೆಲೆಗೆ ನಾಡಿನ ಮೂಲೆಗಳಿಗೆ ಬಂದವು. ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪಾದ ಹಾಳೆಗಳನ್ನು ಓದದವರೂ ಶಾಲೆಯ ಪುಸ್ತಕಕ್ಕೆ ಹೊದಿಕೆ ಹಾಕಲು ಬಳಸಿದರು. ಪ್ರಗತಿಶೀಲರಿಂದ ಬಂಡಾಯದವರೆಗೆ ನಮ್ಮ ಲೇಖಕರು ತಮ್ಮ ಮಾತಿನ ನಡುವೆ ಗಾರ್ಕಿಯ ಹೆಸರನ್ನು ಮನೆಯ ಹಿರಿಯನ ಹೆಸರಿನಂತೆ ತರುತ್ತಿದ್ದರು.

ಇಷ್ಟು ದೊಡ್ಡ ಓದಿನ ಒಳಗೊಂದು ಖಾಲಿ ಜಾಗವಿದೆ. ನಾವು ರಷ್ಯಾವನ್ನು ಓದಿದೆವು, ರಷ್ಯನ್ ಕಲಿಯಲಿಲ್ಲ. ಮೇಲೆ ಹೇಳಿದ ಅನುವಾದಗಳೂ ಸೇರಿದಂತೆ ಹೆಚ್ಚಿನವು ಇಂಗ್ಲಿಷಿನ ದಾರಿಯಿಂದ ಬಂದಂಥವು. ಇದು ಅನುವಾದಕರ ತಪ್ಪಲ್ಲ. ಒಬ್ಬೊಬ್ಬರೇ ಕೂತು ಸಾವಿರಾರು ಪುಟಗಳನ್ನು ಕನ್ನಡಕ್ಕೆ ತಂದವರ ದುಡಿಮೆ ದೊಡ್ಡದು. ಅವರಿಗೆ ಮೂಲಭಾಷೆಯ ಕೈಹಿಡಿದು ನಡೆಸಬೇಕಾಗಿದ್ದ ವಿಶ್ವವಿದ್ಯಾಲಯಗಳು ಏನು ಮಾಡುತ್ತಿದ್ದವು ಎಂಬುದು ನನ್ನ ಪ್ರಶ್ನೆ.

ದಾರಿ ಬಳಸಿ ಬಂದದ್ದರಿಂದ ಆದ ನಷ್ಟ ಯಾವುದು? ಒಂದು ಸಣ್ಣ ಪದದಿಂದ ನೋಡಬಹುದು. ರಷ್ಯನ್ನಿನಲ್ಲಿ ‘ತಿ’ ಎಂದರೆ ನೀನು, ‘ವಿ’ ಎಂದರೆ ನೀವು. ಕನ್ನಡದಲ್ಲಿರುವಂತೆಯೇ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಯೂ’ ಒಂದೇ. ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ರಾಸ್ಕೋಲ್ನಿಕೋಫ್ ತಾನು ಕೊಲೆಗಾರನೆಂದು ಸೋನ್ಯಾಗೆ ತಿಳಿಸುವ ಘಟ್ಟ ಬರುತ್ತದೆ. ನಿಮಗೆ ನೀವೇ ಇದೇನು ಮಾಡಿಕೊಂಡಿರಿ ಎಂಬರ್ಥದ ಅವಳ ಮೊದಲ ಉದ್ಗಾರ ಬಹುವಚನದಲ್ಲಿದೆ. ಅವನನ್ನು ಅಪ್ಪಿಕೊಂಡ ಮೇಲೆ, ಲೋಕದಲ್ಲಿ ಅವನಷ್ಟು ದುಃಖಿ ಯಾರೂ ಇಲ್ಲ ಎನ್ನುವಾಗ, ಅವಳು ಏಕವಚನಕ್ಕೆ ಇಳಿದಿರುತ್ತಾಳೆ. ಎರಡು ಮಾತುಗಳ ನಡುವಿನ ಈ ಇಳಿತದಲ್ಲಿ ಸೋನ್ಯಾ ಅವನನ್ನು ತನ್ನವನನ್ನಾಗಿ ಮಾಡಿಕೊಳ್ಳುತ್ತಾಳೆ. ಇಂಗ್ಲಿಷ್ ಪುಟದಲ್ಲಿ ಇದು ಕಾಣುವುದಿಲ್ಲ. ಕನ್ನಡ ಅನುವಾದಕ ಅಲ್ಲಿ ತನ್ನ ಅಂದಾಜಿನಿಂದ ನೀನು ಅಥವಾ ನೀವು ಹಾಕಬೇಕು. ಮೂಲದಲ್ಲಿ ಇದ್ದದ್ದು, ಕನ್ನಡದಲ್ಲೂ ಇರುವುದು, ನಡುವಿನ ಭಾಷೆಯಲ್ಲಿ ಇಲ್ಲದ್ದರಿಂದ ಕಳೆದುಹೋಗುತ್ತದೆ.

‘ಅನ್ನಾ ಕರೆನಿನಾ’ದಲ್ಲಿ ಇನ್ನೊಂದು ಉದಾಹರಣೆಯಿದೆ. ಗಂಡ ಕರೆನಿನ್ ಹೆಂಡತಿಗೆ ಬರೆಯುವ ಪತ್ರ ಫ್ರೆಂಚಿನಲ್ಲಿದೆ. ಯಾಕೆಂದು ಟಾಲ್‌ಸ್ಟಾಯ್‌ನೇ ವಿವರಿಸುತ್ತಾನೆ. ಫ್ರೆಂಚಿನ ‘ನೀವು’ ರಷ್ಯನ್ನಿನ ‘ನೀವು’ವಿನಷ್ಟು ತಣ್ಣಗಿರುವುದಿಲ್ಲ. ಹೆಂಡತಿಯನ್ನು ಏಕವಚನದಲ್ಲಿ ಕರೆಯಲು ಮನಸ್ಸಿಲ್ಲ, ರಷ್ಯನ್ ಬಹುವಚನದಲ್ಲಿ ಕರೆದರೆ ಪರಕೀಯಳನ್ನು ಕರೆದಂತಾಗುತ್ತದೆ, ಆದ್ದರಿಂದ ಮೂರನೆಯ ಭಾಷೆಯ ಆಸರೆ. ಮನೆಯಲ್ಲಿ ಜಗಳವಾದ ಮೇಲೆ ಗಂಡಹೆಂಡಿರು ಒಬ್ಬರನ್ನೊಬ್ಬರು ಬಹುವಚನದಲ್ಲಿ ಮಾತಾಡಿಸುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ದಾಸ್ತೊಯೇವ್ಸ್ಕಿಯ ತನಿಖಾಧಿಕಾರಿ ಪೊರ್ಫಿರಿಯ ಮಾತು. ಅವನು ಪದದ ಕೊನೆಗೆ ‘ಸ್’ ಎಂಬ ಒಂದು ಅಕ್ಷರ ಅಂಟಿಸುತ್ತಾನೆ. ‘ದಾ’ ಎಂದರೆ ಹೌದು, ‘ದಾ-ಸ್’ ಎಂದರೆ ಹೌದು ಸ್ವಾಮಿ. ‘ಸೂದರ್’ ಅಂದರೆ ದಣಿ ಎಂಬ ಶಬ್ದ ಸವೆದು ಉಳಿದ ಚೂರು ಅದು. ವಿನಯವೂ ಹೌದು, ಅಣಕವೂ ಹೌದು. ಇಂಗ್ಲಿಷಿನವರು ಅದನ್ನು ಕೆಲವೆಡೆ ‘ಸರ್’ ಎಂದು ಮಾಡಿದರು, ಹಲವೆಡೆ ಬಿಟ್ಟರು. ಅರಕೇರಾದ ಸಂತೆಯಲ್ಲಿ ನಿಂತು ಐದು ನಿಮಿಷ ಕೇಳಿಸಿಕೊಂಡರೆ ಸಾಕು, ‘ಹೌದ್ರಿ’, ‘ಇಲ್ರಿ’, ‘ಆತ್ರಿ’ ಎಂಬ ಮಾತುಗಳು ಎಷ್ಟು ಬೇಕಾದರೂ ಸಿಗುತ್ತವೆ. ಆ ‘ರೀ’ ಗೌರವಕ್ಕೂ ಬರುತ್ತದೆ, ಎದುರಿನವನ ಕಾಲೆಳೆಯುವುದಕ್ಕೂ ಬರುತ್ತದೆ. ಪೊರ್ಫಿರಿ ಕೊಲೆಗಾರನನ್ನು ‘ಬಾತ್ಯುಷ್ಕಾ’ ಎಂದು ಕರೆಯುತ್ತಾನೆ. ಅಕ್ಷರಶಃ ಅದು ಅಪ್ಪ ಎಂಬುದರ ಮುದ್ದಿನ ರೂಪ. ಇಂಗ್ಲಿಷಿನಲ್ಲಿ ಅದು ಪ್ರಿಯ ಮಿತ್ರನೇ ಎಂಬಂಥ ಮಾತಾಗುತ್ತದೆ. ನಮ್ಮ ಕಡೆಯ ‘ಯಪ್ಪಾ’ ಇದಕ್ಕಿಂತ ಎಷ್ಟೋ ಹತ್ತಿರ. ಶಿಷ್ಟಕನ್ನಡದ ಅನುವಾದಗಳಲ್ಲಿ ದಾಸ್ತೊಯೇವ್ಸ್ಕಿಯ ಪಾತ್ರಗಳು ಪಾಠ ಒಪ್ಪಿಸುವವರಂತೆ ಮಾತಾಡುವುದನ್ನು ನೋಡಿದಾಗ ರಾಯಚೂರು, ದೇವದುರ್ಗ, ಮಾನ್ವಿಯ ಆಡುಮಾತು ಅವರಿಗೆ ಸರಿಯಾಗಿ ಒಪ್ಪುತ್ತಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆದರೆ ಇದು ಹೊಳೆಯಬೇಕಾದರೆ ಆ ‘ಸ್’ ಮೊದಲು ಕಣ್ಣಿಗೆ ಬೀಳಬೇಕು.

ಭಾಷೆಯನ್ನು ನೇರ ಬಲ್ಲವರು ತಂದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ರಾಯಚೂರಿನ ಶಾಂತರಸರು ಗಜಲನ್ನು ಕನ್ನಡಕ್ಕೆ ಒಗ್ಗಿಸಿದರು. ನಿಜಾಮರ ಸೀಮೆಯಲ್ಲಿ ಬೆಳೆದ ಅವರಿಗೆ ಉರ್ದು ಗೊತ್ತಿತ್ತು. ಹಾಗಾಗಿ ಕಾಫಿಯಾ, ರದೀಫುಗಳ ನಿಯಮ ಮಾತ್ರವಲ್ಲ, ಅವುಗಳ ಉಸಿರೂ ಜತೆಗೆ ಬಂತು. ಇವತ್ತು ಈ ಭಾಗದಲ್ಲಿ ಹಿಂದೂ ಮುಸ್ಲಿಮರೆನ್ನದೆ ಇಷ್ಟು ಜನ ಗಜಲ್ ಬರೆಯುತ್ತಿರುವುದಕ್ಕೆ ಆ ನೇರ ಸಂಬಂಧವೇ ಬುನಾದಿ. ಗಜಲ್ ಇಂಗ್ಲಿಷಿನ ಮೂಲಕ ಬಂದಿದ್ದರೆ ಎರಡೆರಡು ಸಾಲಿನ ಸುಭಾಷಿತಗಳಾಗಿ ಉಳಿಯುತ್ತಿತ್ತೇನೋ.

ಈಗ ವಿಶ್ವವಿದ್ಯಾಲಯಗಳ ಮಾತಿಗೆ ಬರೋಣ. ದೆಹಲಿಯಲ್ಲಿ 1965ರಲ್ಲಿ ರಷ್ಯನ್ ಅಧ್ಯಯನದ ಸಂಸ್ಥೆಯೊಂದು ಆರಂಭವಾಗಿ ಮುಂದೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಭಾಗವಾಯಿತು. ನಮಗೆ ಹತ್ತಿರದ ಹೈದರಾಬಾದಿನಲ್ಲಿ ಸೀಫೆಲ್ ಎಂದು ಹೆಸರಾದ ಸಂಸ್ಥೆ 2007ರಲ್ಲಿ ಇಫ್ಲೂ ಎಂಬ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಅಲ್ಲಿ ರಷ್ಯನ್ ಕಲಿಕೆಗೆ ಎಂ.ಎ.ವರೆಗೆ ದಾರಿಯಿದೆ. ಬೆಂಗಳೂರು ವಿಶ್ವವಿದ್ಯಾಲಯದ ವಿದೇಶಿ ಭಾಷೆಗಳ ವಿಭಾಗದಲ್ಲಿ ಸರ್ಟಿಫಿಕೇಟು, ಡಿಪ್ಲೊಮಾದ ಪಾಠಗಳು ನಡೆದುಬಂದಿವೆ. 1960ರಲ್ಲಿ ಮಾಸ್ಕೋದಲ್ಲಿ ಸ್ಥಾಪನೆಯಾದ, ಮರುವರ್ಷ ಪ್ಯಾಟ್ರಿಸ್ ಲುಮುಂಬಾ ಹೆಸರು ಪಡೆದ ಜನಮೈತ್ರಿ ವಿಶ್ವವಿದ್ಯಾಲಯಕ್ಕೆ ಭಾರತದ ವಿದ್ಯಾರ್ಥಿಗಳೂ ಹೋದರು. ಆ ಹೆಸರನ್ನು 1992ರಲ್ಲಿ ತೆಗೆದರು, 2023ರಲ್ಲಿ ಮತ್ತೆ ಇಟ್ಟರು. ಹೆಸರಿನ ಈ ಹೋಗಿಬರುವಿಕೆಯೇ ಒಂದು ಬೇರೆ ಲೇಖನ. 1991ರ ನಂತರ ರಷ್ಯನ್ ಕಲಿತವರಿಗೆ ಸಿಗುತ್ತಿದ್ದ ಕೆಲಸಗಳು ಕರಗಿದವು. ಭಾಷೆ ಗೋವಾದ ಪ್ರವಾಸಿಗರಿಗೂ ಔಷಧಿ ಕಂಪನಿಗಳ ಪತ್ರವ್ಯವಹಾರಕ್ಕೂ ಸೇರಿದ್ದಾಯಿತು.

ಪಾಠದ ಕ್ರಮದಲ್ಲೇ ಒಂದು ತೊಡಕಿದೆ. ನಮ್ಮಲ್ಲಿ ರಷ್ಯನ್ನನ್ನು ಇಂಗ್ಲಿಷಿನ ಮೇಲೆ ನಿಲ್ಲಿಸಿ ಕಲಿಸಲಾಗುತ್ತದೆ. ಇಂಗ್ಲಿಷ್ ಬಲ್ಲವನಿಗೆ ವಿಚಿತ್ರವಾಗಿ ಕಾಣುವುದನ್ನೇ ಪಠ್ಯಪುಸ್ತಕ ವಿಚಿತ್ರವೆಂದು ವಿವರಿಸುತ್ತದೆ. ನಾಮಪದಕ್ಕೆ ಆರು ವಿಭಕ್ತಿಗಳಿವೆ ಎಂದು ಹೆದರಿಸುತ್ತದೆ. ಏಳೆಂಟು ವಿಭಕ್ತಿಗಳನ್ನು ಆಡುತ್ತ ಬೆಳೆದ ಹುಡುಗಿಗೆ ಅದರಲ್ಲಿ ಹೆದರುವಂಥದ್ದೇನು? ‘ಯಾ ಸ್ತುದ್ಯೆಂತ್’ ಎಂದರೆ ‘ನಾನು ವಿದ್ಯಾರ್ಥಿ’, ಎರಡರಲ್ಲೂ ಕ್ರಿಯಾಪದ ಬೇಕಿಲ್ಲ. ‘ಉ ಮೆನ್ಯಾ ಕ್ನೀಗಾ’ ಎಂದರೆ ‘ನನ್ನ ಹತ್ತಿರ ಪುಸ್ತಕ’. ದಖನಿಯಲ್ಲಿ ಮಾತಾಡುವ ಮನೆಯವರು ‘ಮೇರೆ ಪಾಸ್’ ಎಂದು ಅದೇ ಜಾಡಿನಲ್ಲಿ ಹೇಳುತ್ತಾರೆ. ‘ಮ್ನೆ ಹೋಲದ್ನ’ ಎಂದರೆ ‘ನನಗೆ ಚಳಿ’. ಚಳಿ ನನಗೆ ಆಗುತ್ತದೆ, ಇಂಗ್ಲಿಷಿನವನ ಹಾಗೆ ನಾನೇ ತಣ್ಣಗಿರುವುದಿಲ್ಲ. ಕಷ್ಟವೇ ಇಲ್ಲವೆಂದಲ್ಲ. ಪೂರ್ಣ, ಅಪೂರ್ಣ ಎಂದು ಜೋಡಿಯಾಗಿ ಬರುವ ಕ್ರಿಯಾಪದಗಳು, ನಡೆದು ಹೋಗುವುದಕ್ಕೂ ಗಾಡಿಯಲ್ಲಿ ಹೋಗುವುದಕ್ಕೂ ಇರುವ ಬೇರೆ ಬೇರೆ ಶಬ್ದಗಳು ನಮ್ಮವರನ್ನೂ ವರ್ಷಗಟ್ಟಲೆ ಕಾಡುತ್ತವೆ. ಆದರೆ ಸುಲಭವಾದದ್ದನ್ನು ಕಷ್ಟದ ದಾರಿಯಿಂದ ಕಲಿಸಿದರೆ ಕಷ್ಟವಾದದ್ದಕ್ಕೆ ಶಕ್ತಿ ಉಳಿಯುವುದಿಲ್ಲ.

ಶಬ್ದಕೋಶದ ಕಥೆಯೂ ಹೀಗೆಯೇ. ವೋಲ್ಗಾ ದಂಡೆಯ ತಾತಾರರ ಜತೆ ಶತಮಾನಗಳ ಕಾಲ ಯುದ್ಧ, ವ್ಯಾಪಾರ, ಮದುವೆ ಮಾಡಿಕೊಂಡ ರಷ್ಯನ್ನರ ಭಾಷೆಯಲ್ಲಿ ಬಜಾರ್ ಬಜಾರವೇ. ಸಂದೂಕ ಅಲ್ಲಿ ಸುಂದೂಕ್. ಖಜಾನೆ ಕಜ್ನಾ. ಖಂಜರ್ ಕಿಂಜಾಲ್. ಖರ್ಬೂಜದ ಹೆಸರು ಅರ್ಬೂಜ್ ಆಗಿ ಕಲ್ಲಂಗಡಿಗೆ ಹೋಗಿ ಕೂತಿದೆ. ಚಹಾಕ್ಕೆ ಚಾಯ್. ದೋಆಬಿನ ಒಂದು ಸಾಮಾನ್ಯ ಮನೆಯ ಅಡುಗೆಮನೆ, ಅಟ್ಟಗಳಲ್ಲಿ ಇರುವ ಈ ಶಬ್ದಗಳನ್ನು ಯಾವ ಪಠ್ಯಪುಸ್ತಕವೂ ಮೊದಲ ಪಾಠವಾಗಿ ಇಡುವುದಿಲ್ಲ. ‘ರಷ್ಯನ್ ಸಂಸ್ಕೃತಿ’ ಎಂಬ ಪತ್ರಿಕೆಯಲ್ಲಿ ಸಮೊವಾರು, ಮರದ ಗೊಂಬೆ, ಬ್ಯಾಲೆ ನೃತ್ಯ, ಈರುಳ್ಳಿ ಗುಮ್ಮಟದ ಚರ್ಚು ಬರುತ್ತವೆ. ಕಜಾನಿನ ಮಸೀದಿ, ದಾಗೆಸ್ತಾನದ ಬೆಟ್ಟ ಬರುವುದು ಅಪರೂಪ. ಕುರ್‌ಆನ್ 1787ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ರಾಣಿ ಕ್ಯಾಥರೀನಳ ಆಜ್ಞೆಯಂತೆ ಅಚ್ಚಾಗಿತ್ತು, ಆಮೇಲೆ ಕಜಾನಿನಲ್ಲಿ ಅಚ್ಚಾದ ಪ್ರತಿಗಳು ಮುಸ್ಲಿಂ ಜಗತ್ತಿನ ದೂರದೂರಕ್ಕೆ ಹೋದವು ಎಂಬುದು ರಷ್ಯನ್ ಸಂಸ್ಕೃತಿಯ ಹೊರಗಿನ ಸಂಗತಿಯೇ?

ಇಷ್ಟಕ್ಕೂ ರಷ್ಯನ್ ಭಾಷೆಗೂ ನಮ್ಮ ಸೀಮೆಗೂ ಇರುವ ನಂಟು ಸೋವಿಯತ್ ಪುಸ್ತಕಗಳಿಂದ ಶುರುವಾದದ್ದಲ್ಲ. ತ್ವೆರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಬಹಮನಿ ರಾಜ್ಯಕ್ಕೆ ಬಂದ. ಹೊರ್ಮುಜಿನಿಂದ ಒಂದು ಕುದುರೆ ತಂದಿದ್ದ, ಮಾರಿ ಲಾಭ ಮಾಡುವ ಆಸೆಯಿತ್ತು. ಜುನ್ನರಿನಲ್ಲಿ ಅಲ್ಲಿನ ಅಧಿಕಾರಿ ಕುದುರೆ ಕಿತ್ತುಕೊಂಡು, ಮತ ಬದಲಿಸಿದರೆ ಕುದುರೆಯ ಜತೆಗೆ ಸಾವಿರ ಹೊನ್ನು ಕೊಡುವೆನೆಂದ. ಅವನ ಪರವಾಗಿ ಮಾತಾಡಿ ಕುದುರೆ ಬಿಡಿಸಿಕೊಟ್ಟವನು ಖುರಾಸಾನಿನ ಒಬ್ಬ ಮುಸಲ್ಮಾನನೇ. ಆಮೇಲೆ ಬೀದರಿನಲ್ಲಿ ಬಹುಕಾಲ ಇದ್ದ, ಕಲಬುರಗಿ ನೋಡಿದ, ಆಳಂದದ ಉರುಸಿನ ಜಾತ್ರೆಯ ಬಗ್ಗೆ ಬರೆದ. ವಜೀರ ಮಹಮೂದ್ ಗವಾನನನ್ನು ಮಲಿಕ್-ಉತ್-ತುಜ್ಜಾರ್ ಎಂಬ ಅವನ ಬಿರುದಿನಿಂದ ಗುರುತಿಸಿದ. ತನಗೆ ಖ್ವಾಜಾ ಯೂಸುಫ್ ಖುರಾಸಾನಿ ಎಂದು ಹೆಸರಿಟ್ಟುಕೊಂಡ. ಯಾವ್ಯಾವ ಸರಕು ಎಲ್ಲೆಲ್ಲಿ ಎಂದು ಪಟ್ಟಿ ಮಾಡುವಾಗ, ವಜ್ರ ಸಿಗುವುದು ರಾಯಚೂರಿನಲ್ಲಿ ಎಂದು ಬೆಲೆಯ ಸಮೇತ ದಾಖಲಿಸಿದ. ಐದೂವರೆ ಶತಮಾನಗಳ ಹಿಂದಿನ ಒಂದು ರಷ್ಯನ್ ಹಸ್ತಪ್ರತಿಯಲ್ಲಿ ರಾಯಚೂರಿನ ಹೆಸರಿದೆ. ಊರು ಮುಟ್ಟುವ ಮೊದಲೇ, ಸ್ಮೊಲೆನ್ಸ್ಕ್ ಬಳಿ, ನಿಕಿತಿನ್ ತೀರಿಕೊಂಡ.

ಅವನ ಬರೆಹದ ನಿಜವಾದ ಸೋಜಿಗವಿರುವುದು ಭಾಷೆಯಲ್ಲಿ. ರಷ್ಯನ್ನಿನಲ್ಲಿ ಬರೆಯುತ್ತ ಬರೆಯುತ್ತ ಅವನು ರಷ್ಯನ್ ಅಕ್ಷರಗಳಲ್ಲೇ ತುರ್ಕಿ, ಪಾರಸಿ, ಅರಬ್ಬಿ ಕಲಸಿದ ವ್ಯಾಪಾರಿಗಳ ಭಾಷೆಗೆ ಜಾರಿಬಿಡುತ್ತಾನೆ. ಊರಿನವರು ಓದಬಾರದ ಸಂಗತಿಗಳು ಅಲ್ಲಿ ಹೋಗಿ ಅಡಗುತ್ತವೆ. ಹೆಣ್ಣುಗಳ ಬೆಲೆ, ತನ್ನ ಧರ್ಮದ ಬಗೆಗಿನ ತಳಮಳ. ಈಸ್ಟರ್ ಯಾವಾಗೆಂದು ಲೆಕ್ಕ ತಪ್ಪಿಹೋಗಿ, ಮುಸಲ್ಮಾನರ ಜತೆ ತಿಂಗಳ ಉಪವಾಸ ಹಿಡಿದವನು ಅವನು. ತಾಯ್ನಾಡಿನ ಬಗ್ಗೆ ಅವನು ಬರೆದ ಅತ್ಯಂತ ಆರ್ದ್ರವಾದ ಮಾತೂ ರಷ್ಯನ್ನಿನಲ್ಲಿಲ್ಲ. ರಷ್ಯದ ನೆಲವನ್ನು ದೇವರು ಕಾಯಲಿ, ಅಂಥ ನೆಲ ಇನ್ನೊಂದಿಲ್ಲ, ಆದರೆ ಅಲ್ಲಿನ ದೊರೆಗಳು ನ್ಯಾಯವಂತರಲ್ಲ ಎಂಬ ಅರ್ಥದ ಆ ಸಾಲುಗಳು ತುರ್ಕಿಯಲ್ಲಿವೆ. ದೇವರನ್ನು ಅಲ್ಲಿ ತಂಗ್ರಿ, ಅಲ್ಲಾ, ಖುದಾ ಎಂದು ಒಂದರ ಮೇಲೊಂದು ಹೆಸರಿನಿಂದ ಕರೆಯುತ್ತಾನೆ. ದೊರೆಗಳ ಮೇಲಿನ ದೂರನ್ನು ದೊರೆಗಳಿಗೆ ತಿಳಿಯದ ಭಾಷೆಯಲ್ಲಿ ಬರೆದ ಜಾಣ. ಪುಸ್ತಕ ಮುಗಿಯುವುದು ಅರಬ್ಬಿ ಪ್ರಾರ್ಥನೆಯಿಂದ. ಕುರ್‌ಆನಿನ ಹಶ್ರ್ ಅಧ್ಯಾಯದ ಕೊನೆಯ ವಚನಗಳಲ್ಲಿ ಬರುವ ದೇವನಾಮಗಳು ಅಲ್ಲಿವೆ, ಕೇಳಿಸಿಕೊಂಡು ಬರೆದದ್ದರಿಂದ ಉಚ್ಚಾರ ಅಲ್ಲಲ್ಲಿ ಮುರಿದಿದೆ.

ನಿಕಿತಿನ್ ಮುಸಲ್ಮಾನನಾದನೇ ಇಲ್ಲವೇ ಎಂದು ವಿದ್ವಾಂಸರು ಜಗಳವಾಡುತ್ತಲೇ ಇದ್ದಾರೆ. ನನಗೆ ಆ ಜಗಳದಲ್ಲಿ ಆಸಕ್ತಿ ಕಡಿಮೆ. ಈ ಪುಟಗಳನ್ನು ಯಾರು ಓದಬಲ್ಲರು ಎಂಬುದರಲ್ಲಿ ಹೆಚ್ಚು. ಮಾಸ್ಕೋದ ವಿದ್ಯಾರ್ಥಿಗೆ ಅಡಿಟಿಪ್ಪಣಿ ಬೇಕಾಗುವಲ್ಲಿ, ಮದ್ರಸಾದಲ್ಲಿ ನಾಲ್ಕು ವರ್ಷ ಕೂತು, ಅರಕೇರಾದಿಂದ ರಾಯಚೂರಿಗೆ ಬಂದು ಡಿಗ್ರಿ ಓದುವ ಹುಡುಗನಿಗೆ ಬೇಕಾಗುವುದಿಲ್ಲ. ಅವನಿಗೆ ಬೇಕಾದದ್ದು ಉಳಿದರ್ಧ, ರಷ್ಯನ್. ಅಂಥವನೊಬ್ಬ ನಿಕಿತಿನ್‌ನನ್ನು ಮೂಲದಿಂದ ಕನ್ನಡಕ್ಕೆ ತಂದರೆ ಅದು 1857ರಲ್ಲಿ ಲಂಡನ್ನಿನ ಹಾಕ್ಲುಯಿಟ್ ಸೊಸೈಟಿ ಅಚ್ಚು ಮಾಡಿದ ಇಂಗ್ಲಿಷ್ ಅನುವಾದದ ನೆರಳಾಗಬೇಕಿಲ್ಲ. ಕೆ.ಎ. ಅಬ್ಬಾಸ್ ಮತ್ತು ವಸೀಲಿ ಪ್ರೊನಿನ್ 1957ರಲ್ಲಿ ನಿಕಿತಿನ್ ಕಥೆಯನ್ನು ‘ಪರದೇಸಿ’ ಎಂಬ ಸಿನೆಮಾ ಮಾಡಿದರು. ನರ್ಗಿಸ್ ಇದ್ದರು, ಹಾಡುಗಳಿದ್ದವು. ಆ ಕಲಸಿದ ಭಾಷೆ ಮಾತ್ರ ಬರಲಿಲ್ಲ.

ನಾವು ರಷ್ಯನ್ ಕಲಿಯಲಿಲ್ಲವೆಂದು ಹೇಳುವಾಗ ಒಬ್ಬ ರಷ್ಯನ್ ವಿದ್ಯಾರ್ಥಿಯನ್ನು ನೆನೆಯಬೇಕು. ಟಾಲ್‌ಸ್ಟಾಯ್ 1844ರಲ್ಲಿ ಕಜಾನ್ ವಿಶ್ವವಿದ್ಯಾಲಯ ಸೇರಿದ್ದು ಪೂರ್ವದೇಶಗಳ ಭಾಷಾ ವಿಭಾಗಕ್ಕೆ, ಅರಬ್ಬಿ-ತುರ್ಕಿ ಕಲಿಯಲು. ಮೊದಲ ವರ್ಷದ ಪರೀಕ್ಷೆ ದಾಟಲಿಲ್ಲ. ಕಾನೂನಿಗೆ ಬದಲಾಯಿಸಿದ, 1847ರಲ್ಲಿ ಅದನ್ನೂ ಬಿಟ್ಟ. ವಿಶ್ವವಿದ್ಯಾಲಯದಲ್ಲಿ ಹತ್ತದ ವಿದ್ಯೆ ಕಾಕಸಸ್ ಬೆಟ್ಟಗಳಲ್ಲಿ ಸಿಪಾಯಿಯಾಗಿದ್ದಾಗ ಬೇರೆ ರೀತಿಯಲ್ಲಿ ಹತ್ತಿತು. ಅವನು ಮುಪ್ಪಿನಲ್ಲಿ ತಿದ್ದಿ ತಿದ್ದಿ ಬರೆದ, ತೀರಿಕೊಂಡ ಮೇಲೆ 1912ರಲ್ಲಿ ಪ್ರಕಟವಾದ ‘ಹಾಜಿ ಮುರಾದ್’ನ ನಾಯಕ ಒಬ್ಬ ಅವಾರ್ ಮುಸಲ್ಮಾನ. ಇಮಾಮ್ ಶಾಮಿಲನಿಂದ ಮುನಿದು ರಷ್ಯನ್ನರ ಕಡೆ ಬಂದವನು. ಅವನು ಮುದಿ ಗವರ್ನರ್ ವೊರೊಂಟ್ಸೊಫ್‌ನನ್ನು ಕಾಣುವ ಪ್ರಸಂಗದಲ್ಲಿ ನಡುವೆ ದುಭಾಷಿ ನಿಂತಿದ್ದಾನೆ. ಬಾಯಿಮಾತಿನಲ್ಲಿ ನಿಷ್ಠೆಯ ಪ್ರಮಾಣ ನಡೆಯುತ್ತದೆ. ಅದೇ ಹೊತ್ತಿಗೆ ಇಬ್ಬರ ಕಣ್ಣುಗಳು ಬೇರೆಯದೇ ಮಾತಾಡಿಕೊಳ್ಳುತ್ತವೆ, ತಾವು ಒಬ್ಬರನ್ನೊಬ್ಬರು ನಂಬಿಲ್ಲವೆಂದು. ದುಭಾಷಿ ದಾಟಿಸುವ ಮಾತಿಗೂ ಮನಸ್ಸಿಗೂ ಇರುವ ದೂರವನ್ನು ಹೀಗೆ ಹಿಡಿದ ಇನ್ನೊಂದು ಪುಟ ನನಗೆ ಗೊತ್ತಿಲ್ಲ. ಸಾಮ್ರಾಜ್ಯದ ಸೈನ್ಯ ಹಾಳುಮಾಡಿ ಹೋದ ಚೆಚನ್ ಹಳ್ಳಿಯ ಚಿತ್ರವೂ ಅಲ್ಲೇ ಇದೆ. ‘ಯುದ್ಧ ಮತ್ತು ಶಾಂತಿ’ಗೆ ನಮ್ಮ ತರಗತಿಗಳಲ್ಲಿ ಸಿಗುವ ಜಾಗದ ಕಾಲುಭಾಗವಾದರೂ ಈ ಸಣ್ಣ ಕಾದಂಬರಿಗೆ ಸಿಗಬೇಕಿತ್ತು.

ಇವೆಲ್ಲ ಸಾಹಿತ್ಯದವರ ಹವ್ಯಾಸದ ಮಾತೆಂದು ಯಾರಾದರೂ ಅನ್ನಬಹುದು. ಹಾಗಾದರೆ ಇನ್ನೆರಡು ಸಂಗತಿ ನೋಡಿ. ಕರ್ನಾಟಕದಿಂದ ವೈದ್ಯಕೀಯ ಓದಲು ರಷ್ಯಾಕ್ಕೆ ಹೋಗುವ ಮಕ್ಕಳಿದ್ದಾರೆ. ಕಜಾನ್, ಉಫಾದಂಥ ತಾತಾರ, ಬಶ್ಕೀರ ಮುಸ್ಲಿಮರಿರುವ ನಗರಗಳಿಗೂ ನಮ್ಮ ದೇಶದವರು ಹೋಗುತ್ತಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದ ಪ್ರಕಾರ ಕನಿಷ್ಠ 54 ತಿಂಗಳ ಪಾಠ ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಮೇಲೆ 12 ತಿಂಗಳ ಇಂಟರ್ನ್‌ಶಿಪ್ಪನ್ನು ಅಲ್ಲೇ ಮುಗಿಸಬೇಕು. ಪಾಠ ಇಂಗ್ಲಿಷಿನಲ್ಲಿ ನಡೆದೀತು, ಆದರೆ ವಾರ್ಡಿನಲ್ಲಿ ಮಲಗಿದ ಮುದುಕಿ ಹೊಟ್ಟೆನೋವನ್ನು ಇಂಗ್ಲಿಷಿನಲ್ಲಿ ಹೇಳುವುದಿಲ್ಲ. ಸಾಲ ಮಾಡಿ ಮಗಳನ್ನು ಕಳಿಸುವ ತಂದೆಗೆ ಏಜೆಂಟನು ಶುಲ್ಕ, ಹಾಸ್ಟೆಲ್ಲು, ಭಾರತೀಯ ಊಟದ ಬಗ್ಗೆ ಹೇಳುತ್ತಾನೆ. ಭಾಷೆಯ ವಿಚಾರ ಬಂದರೆ ‘ಅಲ್ಲಿ ಹೋದ ಮೇಲೆ ತಾನಾಗಿ ಬರುತ್ತೆ’ ಎಂದು ಮುಗಿಸುತ್ತಾನೆ.

ಎರಡನೆಯದು ಇನ್ನೂ ಕಹಿ. 2024ರ ಫೆಬ್ರವರಿಯಲ್ಲಿ ಕಲಬುರಗಿಯ ಮೂವರು ಯುವಕರು, ರಾಯಚೂರಿನ ಪಕ್ಕದ ನಾರಾಯಣಪೇಟೆಯ ಒಬ್ಬ, ರಷ್ಯಾದಲ್ಲಿ ಸಿಕ್ಕಿಬಿದ್ದ ಸುದ್ದಿ ಬಂತು. ಸಹಾಯಕರ ಕೆಲಸವೆಂದು ಏಜೆಂಟರು ನಂಬಿಸಿ ಕಳಿಸಿದ್ದರು. ಅಲ್ಲಿ ಹೋದ ಮೇಲೆ ಸಹಿ ಹಾಕಿಸಿಕೊಂಡ ಕರಾರುಪತ್ರ ರಷ್ಯನ್ನಿನಲ್ಲಿತ್ತು. ಅವರು ಯುಕ್ರೇನ್ ಯುದ್ಧದ ಗಡಿಗೆ ಹೋಗಿ ನಿಲ್ಲಬೇಕಾಯಿತು. ಹೀಗೆಯೇ ಹೋಗಿದ್ದ ಹೈದರಾಬಾದಿನ ಯುವಕನೊಬ್ಬ ಸತ್ತದ್ದು ಮಾರ್ಚಿನಲ್ಲಿ ತಿಳಿಯಿತು. ಈ ನಾಲ್ವರು ತಿಂಗಳುಗಟ್ಟಲೆ ಒದ್ದಾಡಿ ಸೆಪ್ಟೆಂಬರಿನಲ್ಲಿ ಮರಳಿದರು. ರಷ್ಯನ್ ಗೊತ್ತಿದ್ದರೆ ಉಳಿಯುತ್ತಿದ್ದರು ಎನ್ನುವುದು ಸರಳಮಾತಾದೀತು. ಗುಳೆ ಹೋಗದೆ ಗತಿಯಿಲ್ಲದ ಸೀಮೆಯಲ್ಲಿ ಏಜೆಂಟನ ಮಾತಿಗೆ ಬೆಲೆ ಬರುವುದು ಬಡತನದಿಂದ. ಆದರೂ ಮನೆಯವರು ವಾಟ್ಸಪ್ಪಿನಲ್ಲಿ ಬರುವ ಒಂದು ಕಾಗದವನ್ನು ಹಿಡಿದು ‘ಇದರಲ್ಲೇನಿದೆ ನೋಡ್ರಿ’ ಎಂದು ಕೇಳಲು ಕಲಬುರಗಿ, ರಾಯಚೂರಿನ ಕಾಲೇಜುಗಳಲ್ಲಿ ಒಬ್ಬ ಮೇಷ್ಟ್ರಿಲ್ಲದಿರುವುದು ಬಡತನದ ಇನ್ನೊಂದು ಮುಖ. ಮೊಬೈಲಿನ ಅನುವಾದ ಈಗ ಕಾಗದದ ಅರ್ಥವನ್ನು ಒಂದು ಮಟ್ಟಿಗೆ ಹೇಳುತ್ತದೆ, ನಿಜ. ಸೋನ್ಯಾಳ ನೀನು-ನೀವುಗಳನ್ನು ಮಾತ್ರ ಅದರ ಕೈಗೆ ಬಿಡಲು ನಾನು ಸಿದ್ಧನಿಲ್ಲ.

ರಾಯಚೂರಿಗೆ ಈಗ ತನ್ನದೇ ವಿಶ್ವವಿದ್ಯಾಲಯವಿದೆ. ಇಲ್ಲಿ ವಿದೇಶಿ ಭಾಷೆ ಕಲಿಸುವುದು ಅತಿಯಾಸೆಯೆಂದು ಮೂಗು ಮುರಿಯುವವರಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ನೆನಪಿಸಬೇಕು. 1918ರಲ್ಲಿ ಅದು ಆರಂಭವಾಗುವ ಮೊದಲೇ ಹೈದರಾಬಾದಿನಲ್ಲಿ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ತೆರೆದು, ಕಲಿಸಬೇಕಾದ ಶಾಸ್ತ್ರಗಳನ್ನು ಉರ್ದುವಿಗೆ ತರುವ ಕೆಲಸ ಶುರುಮಾಡಿದ್ದರು. ಆ ವ್ಯವಸ್ಥೆಯಲ್ಲಿ ಕನ್ನಡದ ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಓದಲಾಗಲಿಲ್ಲ ಎಂಬ ದೂರು ನ್ಯಾಯವಾದದ್ದು, ಅದನ್ನು ಮರೆಸಬೇಕಿಲ್ಲ. ಆದರೆ ಒಂದು ವಿಶ್ವವಿದ್ಯಾಲಯವೆಂದರೆ ಮೊದಲು ಅನುವಾದಕರು ಬೇಕು ಎಂದು ಅವರಿಗೆ ಹೊಳೆದಿತ್ತು. ವಾರಕ್ಕೆ ನಾಲ್ಕು ಗಂಟೆಯ ಒಂದು ಸರ್ಟಿಫಿಕೇಟು ಪಾಠ, ಕನ್ನಡದಲ್ಲಿ ವಿವರಿಸುವ ಒಬ್ಬ ಅಧ್ಯಾಪಕ, ಓದಲು ನಿಕಿತಿನ್‌ನ ರಾಯಚೂರಿನ ಪುಟ: ಇಷ್ಟಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ.

ನಿಘಂಟಿನ ಕೆಲಸವೂ ಅರ್ಧ ಆಗಿದೆ. ಆಂದ್ರೊನೊಫ್ ಎಂಬ ದ್ರಾವಿಡ ಭಾಷಾವಿದ್ವಾಂಸ ತನ್ನ ಸಂಗಡಿಗರೊಂದಿಗೆ ಸಿದ್ಧಪಡಿಸಿದ ಕನ್ನಡ-ರಷ್ಯನ್ ನಿಘಂಟು 1979ರಲ್ಲಿ ಮಾಸ್ಕೋದಲ್ಲಿ ಅಚ್ಚಾಯಿತು. ಕನ್ನಡ ಕಲಿಯುವ ರಷ್ಯನ್ನರಿಗಾಗಿ ಮಾಡಿದ್ದು ಅದು. ಈ ಕಡೆಯಿಂದ ಯಾರಾದರೂ ರಷ್ಯನ್-ಕನ್ನಡ ನಿಘಂಟಿಗೆ ಕೈಹಾಕಿದರೆ ಅದನ್ನೇ ತಿರುವಿ ಇಟ್ಟುಕೊಂಡು ಶುರುಮಾಡಬಹುದು. ಬಜಾರ, ಸಂದೂಕ, ಖಜಾನೆಗಳ ಹತ್ತಿರ ಬಂದಾಗ ಹೆಚ್ಚು ಹೊತ್ತು ಹಿಡಿಯುವುದಿಲ್ಲ.